ಒಪ್ಪಯ್ಯನ ಒಪ್ಪೋಲೆ

ಕಲಾಭವನದವರು ಅಂಚೆಯಲ್ಲಿ ಕಳಿಸಿದ ನಮೂನೆಯಲ್ಲಿ ಒಟ್ಟು ಹನ್ನೊಂದು ಅಂಕಣಗಳಿದ್ದವು. ಹೆಸರು, ವಿಳಾಸ, ಹುಟ್ಟಿದ ದಿನಾಂಕ ಮುಂತಾದ ಮೊದಲ ಆರನ್ನು ನಕ್ಷೆಯಮ್ಮ ಹತ್ತು ನಿಮಿಷದಲ್ಲಿ ತುಂಬಿ ಮುಗಿಸಿದರು. ಏಳನೆಯದರಲ್ಲಿ ಅಚ್ಚಾಗಿದ್ದದ್ದು ಒಂದೇ ಪದ: ‘ಪ್ರಭಾವಗಳು’. ಅದರ ಮುಂದೆ ಮೂರು ಗೆರೆಗಳ ಜಾಗ ಬಿಟ್ಟಿದ್ದರು. ನಕ್ಷೆಯಮ್ಮನಿಗೆ ಬೇಕಾದದ್ದು ಒಂದೇ ಗೆರೆ. ನಕ್ಷೆ ಕಚೇರಿಯ ತಿದ್ದುಪಡಿ ವಿಭಾಗದ ಮುಖ್ಯ ತಿದ್ದುಗಾರರ ಪೂರ್ಣ ಹೆಸರನ್ನು ಹುದ್ದೆಯ ಸಮೇತ ಬರೆದು, ಎಲ್ಲರೂ ಕರೆಯುತ್ತಿದ್ದ ‘ಒಪ್ಪಯ್ಯ’ ಎಂಬ ಹೆಸರನ್ನು ಆವರಣದಲ್ಲಿ ಸೇರಿಸಿ, ಉಳಿದೆರಡು ಗೆರೆಗಳ ಮೇಲೆ ಅಡ್ಡಗೀಟು ಎಳೆದರು. ಖಾಲಿ ಬಿಟ್ಟ ಜಾಗದಲ್ಲಿ ಬೇರೆಯವರು ಏನನ್ನಾದರೂ ತುಂಬಿಬಿಟ್ಟಾರು ಎಂಬ ಎಚ್ಚರ, ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ನಾಲ್ಕು ತಿಂಗಳು ದುಡಿದವರಿಗೆ ರಕ್ತಗತವಾಗಿರುತ್ತದೆ.

ಆ ಎಚ್ಚರ ಫಲಿಸಲಿಲ್ಲ. ಹದಿನೆಂಟು ದಿನಗಳ ಮೇಲೆ, ಅವರ ಚಿತ್ರಗಳ ಪ್ರದರ್ಶನಕ್ಕೆಂದು ಕಲಾಭವನ ತರುತ್ತಿದ್ದ ಪುಸ್ತಕದ ಕರಡು ಮನೆಗೆ ಬಂತು. ಹದಿನಾಲ್ಕನೆಯ ಪುಟದ ಒಂಬತ್ತನೆಯ ಸಾಲು ಹೀಗಿತ್ತು: ‘ಇವರ ಮೆಜೊಟಿಂಟ್ ಕೃತಿಗಳ ಮೇಲೆ ಹದಿನೇಳನೆಯ ಶತಮಾನದ ಯುರೋಪಿನ ದೀಪದ ಬೆಳಕಿನ ಚಿತ್ರಕಾರರ ಪ್ರಭಾವ ಗಾಢವಾಗಿದೆ.’ ಒಪ್ಪಯ್ಯನವರ ಹೆಸರು ಆ ಪುಟದಲ್ಲಿ ಇರಲಿಲ್ಲ. ಅರವತ್ತನಾಲ್ಕು ಪುಟಗಳನ್ನೂ ಎರಡು ಸಲ ತಿರುವಿದರೂ ಸಿಗಲಿಲ್ಲ.

“ಯಾರಕ್ಕಾ ಅವರು ದೀಪದ ಬೆಳಕಿನವರು?” ಎಂದು ಹೊಲಿಗೆ ಯಂತ್ರದ ಮುಂದಿನಿಂದಲೇ ತಂಗಿ ಕೇಳಿದಳು.

“ಅವರ ಹೆಸರೂ ನನಗೆ ಗೊತ್ತಿಲ್ಲ.”

“ಮತ್ತೆ ಗಾಢವಾಗಿದೆ ಅಂತಾರೆ.”

“ನಿನಗೆ ಹೊಲಿಗೆ ಹೇಳಿಕೊಟ್ಟಿದ್ದು ಯಾರು?”

“ದೊಡ್ಡತ್ತೆ.”

“ನಾಳೆ ಯಾರೋ ಬಂದು, ಇವಳಿಗೆ ಹೊಲಿಗೆ ಕಲಿಸಿದ್ದು ಯಾವುದೋ ದೇಶದ ರಾಣಿ ಅಂತ ಬರೆದರೆ ಏನು ಮಾಡ್ತೀಯ?”

ತಂಗಿ ದಾರ ಕತ್ತರಿಸಿದಳು. “ದೊಡ್ಡತ್ತೆಗೆ ಹೇಳಲ್ಲ. ರಾಣಿ ಅಂದರೆ ಗಿರಾಕಿ ಜಾಸ್ತಿ ಬರ್ತಾರೆ” ಎಂದಳು.

ನಕ್ಷೆಯಮ್ಮನಿಗೆ ನಗು ಬರಲಿಲ್ಲ. ಆ ಒಂದು ಸಾಲಿಗೆ ಅವರು ಅಷ್ಟೊಂದು ಉರಿದದ್ದು ಏಕೆ ಎಂಬುದು ಗೊತ್ತಾಗಬೇಕಾದರೆ, ಒಪ್ಪಯ್ಯ ಯಾರೆಂಬುದು ಗೊತ್ತಿರಬೇಕು.

ನಕ್ಷೆ ಕಚೇರಿಯಲ್ಲಿ ನಕ್ಷೆಗಳನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕುತ್ತಿದ್ದ ಕಾಲ ಅದು. ಸರ್ವೆಯವರ ಅಳತೆ ತಪ್ಪಿರಲಿ, ಊರ ಹೆಸರಿನ ಕಾಗುಣಿತ ತಪ್ಪಿರಲಿ, ನದಿಯೇ ದಾರಿ ಬದಲಿಸಿರಲಿ, ಇಡೀ ತಗಡನ್ನು ಎಸೆಯುವ ಹಾಗಿರಲಿಲ್ಲ. ಒಂದೊಂದು ತಗಡಿನ ಹಿಂದೆ ಎರಡು ಮೂರು ವರ್ಷಗಳ ಕೆಲಸ ಇರುತ್ತಿತ್ತು. ಆಗ ತಗಡು ತಿದ್ದುಪಡಿ ವಿಭಾಗಕ್ಕೆ ಬರುತ್ತಿತ್ತು. ತಪ್ಪಿದ ಗೆರೆಯನ್ನು ಹೆರೆಗತ್ತಿಯಿಂದ ಹೆರೆದು ತೆಗೆದರೆ ಅಲ್ಲಿ ಕುಳಿ ಬೀಳುತ್ತದೆ. ಕುಳಿಯಲ್ಲಿ ಮಸಿ ನಿಂತರೆ ನಕ್ಷೆಯಲ್ಲಿ ಇಲ್ಲದ ಕೆರೆಯೊಂದು ಹುಟ್ಟಿಕೊಳ್ಳುತ್ತದೆ. ಆದ್ದರಿಂದ ತಗಡನ್ನು ಬೋರಲು ಹಾಕಿ, ಕುಳಿಯ ನೇರ ಹಿಂಬದಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ, ಮುಂಭಾಗವನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಮೇಲೆಬ್ಬಿಸಬೇಕು. ಆಮೇಲೆ ನಯವಾದ ಉಕ್ಕಿನ ಕಡ್ಡಿಯಿಂದ ಉಜ್ಜಿ ಒಪ್ಪ ಕೊಡಬೇಕು. ಹೊಸ ಗೆರೆ ಕೊರೆಯುವುದು ಬೇರೆ ವಿಭಾಗದವರ ಕೆಲಸ. ತಿದ್ದುಗಾರರದು ಅಳಿಸುವುದಷ್ಟೇ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆ ವಿಭಾಗಕ್ಕೆ ಕಿರಿಯ ತಿದ್ದುಗಾರ್ತಿಯಾಗಿ ಸೇರಿದ ಮೊದಲ ವಾರ ನಕ್ಷೆಯಮ್ಮ ಒಂದು ಸೇತುವೆಯನ್ನು ಅಳಿಸಿ ಮುಖ್ಯ ತಿದ್ದುಗಾರರ ಮುಂದೆ ಇಟ್ಟರು. ಕನ್ನಡಕವನ್ನು ಹಣೆಗೇರಿಸಿಕೊಂಡು ಅವರು ತಗಡಿನ ಮೇಲೆ ಹೆಬ್ಬೆರಳು ಆಡಿಸಿದರು. ಕಣ್ಣಿನಿಂದ ನೋಡಲೇ ಇಲ್ಲ.

“ತಪ್ಪು ಹೋಗಿದೆ. ಒಪ್ಪ ಬಂದಿಲ್ಲ.”

“ಸೇತುವೆ ಕಾಣ್ತಿಲ್ವಲ್ಲ ಸರ್.”

“ಸೇತುವೆ ಕಾಣಲ್ಲಮ್ಮ, ನೀನು ಕಾಣ್ತಿದ್ದೀಯ. ಇಲ್ಲಿ ಯಾರೋ ಕೈಯಾಡಿಸಿದಾರೆ ಅಂತ ಬೆರಳಿಗೆ ಗೊತ್ತಾಗ್ತಿದೆ. ನಮ್ಮ ಕೆಲಸ ಕಂಡರೆ ಕೆಟ್ಟಿತು ಅಂತ ಅರ್ಥ.”

ದಿನಕ್ಕೆ ಹತ್ತಾರು ಸಲ “ಒಪ್ಪ ಬಂತಾ?” ಎಂದು ಕೇಳುತ್ತಿದ್ದುದರಿಂದ ಅವರಿಗೆ ಒಪ್ಪಯ್ಯ ಎಂಬ ಹೆಸರು ಬಿದ್ದಿತ್ತು. ಹತ್ತೊಂಬತ್ತು ವರ್ಷ ನಕ್ಷೆಯಮ್ಮ ಅವರ ಪಕ್ಕದ ಮೇಜಿನಲ್ಲಿ ಕುಳಿತಿದ್ದರು. ಎಡಗಡೆಯ ಕಿಟಕಿಯ ಬೆಳಕು ತಗಡಿನ ಮೇಲೆ ಓರೆಯಾಗಿ ಬೀಳುವಂತೆ ಮೇಜು ತಿರುಗಿಸಿಕೊಳ್ಳುವುದು, ಹೆರೆಗತ್ತಿಯನ್ನು ಒತ್ತದೆ ಅದರ ಭಾರಕ್ಕೇ ಬಿಡುವುದು, ಉಸಿರು ಬಿಡುವಾಗ ಮಾತ್ರ ಕೈಯಾಡಿಸುವುದು: ಇವೆಲ್ಲ ಅಲ್ಲಿ ಕಲಿತದ್ದು. ಸುತ್ತಿಗೆಯ ಕೆಲಸದಲ್ಲಂತೂ ಒಪ್ಪಯ್ಯನವರ ದಾರಿಯೇ ಬೇರೆ. ಉಳಿದ ತಿದ್ದುಗಾರರು ಕುಳಿಯ ನಡುವಿನಿಂದ ಹೊರಕ್ಕೆ ತಟ್ಟುತ್ತಿದ್ದರು. ಅದು ಬೇಗ ಆಗುತ್ತದೆ, ಆದರೆ ನಡುವೆ ತಾಮ್ರ ಉಬ್ಬುತ್ತದೆ. ಇವರು ಹೊರ ಅಂಚಿನಿಂದ ಆರಂಭಿಸಿ ಶಂಖದ ಸುತ್ತಿನಂತೆ ಒಳಕ್ಕೆ ಬರುತ್ತಿದ್ದರು. ಎಡಗೈಯವರಾದ್ದರಿಂದ ಸುತ್ತು ಎಡಕ್ಕೆ ತಿರುಗುತ್ತಿತ್ತು. ಕಚೇರಿಯಲ್ಲಿ ಹಾಗೆ ಮಾಡುತ್ತಿದ್ದವರು ಅವರೊಬ್ಬರೇ.

ಅಂದಿನ ನಕ್ಷೆಗಳ ಕೆಳ ಅಂಚಿನಲ್ಲಿ ಗೆರೆ ಕೊರೆದವರ ಹೆಸರು, ಬೆಟ್ಟ ಕೊರೆದವರ ಹೆಸರು, ಅಕ್ಷರ ಕೊರೆದವರ ಹೆಸರು ಸಣ್ಣದಾಗಿ ಅಚ್ಚಾಗುತ್ತಿದ್ದವು. ತಿದ್ದಿದವರ ಹೆಸರು ಹಾಕುವ ರೂಢಿ ಇರಲಿಲ್ಲ. ಹಾಕಿದರೆ ತಪ್ಪು ನಡೆದಿತ್ತೆಂದು ಕಚೇರಿ ತಾನೇ ಒಪ್ಪಿಕೊಂಡಂತಾಗುತ್ತಿತ್ತು. ನಿವೃತ್ತಿಯ ದಿನ ಮೇಲಧಿಕಾರಿಗಳು ಭಾಷಣದಲ್ಲಿ ಒಪ್ಪಯ್ಯನವರನ್ನು ‘ಮುದ್ರಣ ವಿಭಾಗದ ಹಿರಿಯರು’ ಎಂದು ಹೊಗಳಿದರು. ಸರಿಪಡಿಸಲು ನಕ್ಷೆಯಮ್ಮ ಎದ್ದು ನಿಲ್ಲುತ್ತಿದ್ದಂತೆ ಒಪ್ಪಯ್ಯ ಸೆರಗು ಹಿಡಿದು ಕೂರಿಸಿದರು.

“ಬಿಡಮ್ಮ. ನನ್ನ ಹೆಸರು ಇಷ್ಟು ವರ್ಷದಲ್ಲಿ ಅಚ್ಚಾಗಿದ್ದು ಒಂದೇ ಸಲ, ಮದುವೆಯ ಕರೆಯೋಲೆಯಲ್ಲಿ. ಅದರಲ್ಲೂ ಕಾಗುಣಿತ ತಪ್ಪಿತ್ತು.”

ಅದನ್ನು ಹೇಳಿ ಅವರು ನಕ್ಕರು. ಸುತ್ತಲಿದ್ದವರೂ ನಕ್ಕರು. ನಕ್ಷೆಯಮ್ಮ ನಗಲಿಲ್ಲ, ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ನಾಲ್ಕು ವರ್ಷಗಳ ಮೇಲೆ ಒಪ್ಪಯ್ಯ ತೀರಿಕೊಂಡರು. ಆ ಹೆಸರು ಎಂದಾದರೂ ಒಂದು ಸಲ, ಸರಿಯಾದ ಕಾಗುಣಿತದಲ್ಲಿ, ಎಲ್ಲಾದರೂ ಅಚ್ಚಾಗಬೇಕು ಎಂಬುದು ನಕ್ಷೆಯಮ್ಮನ ಹಟವಾಯಿತು. ಅದಕ್ಕೆ ಸಿಕ್ಕಿದ ಮೊದಲ ಅವಕಾಶ ಈ ಏಳನೆಯ ಅಂಕಣ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅದೇ ಕೊನೆಯದೂ ಆಗಬಹುದಿತ್ತು.

ಇನ್ನು ಮೆಜೊಟಿಂಟ್ ವಿಷಯ. ಇದರ ಬಗ್ಗೆ ಪತ್ರಿಕೆಯವರು ಬಾಯಿಗೆ ಬಂದದ್ದು ಬರೆದಿರುವುದರಿಂದ ಸರಿಯಾದದ್ದನ್ನು ಒಮ್ಮೆ ಹೇಳಿಬಿಡುವುದು ಒಳ್ಳೆಯದು. ಅದು ಫೋಟೋ ಅಲ್ಲ, ಇದ್ದಿಲಿನ ಚಿತ್ರವೂ ಅಲ್ಲ. ಅಂಚಿನುದ್ದಕ್ಕೂ ಸಣ್ಣ ಹಲ್ಲುಗಳಿರುವ, ಅರ್ಧಚಂದ್ರದಾಕಾರದ ಉಕ್ಕಿನ ಉಳಿಯನ್ನು ತಾಮ್ರದ ತಗಡಿನ ಮೇಲೆ ಆ ಕಡೆ ಈ ಕಡೆ ತೂಗುತ್ತಾ ಸಾಗಬೇಕು. ಹಲ್ಲು ತಾಗಿದಲ್ಲೆಲ್ಲ ತಾಮ್ರ ಮುಳ್ಳೇಳುತ್ತದೆ. ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ಹೀಗೆ ನಲವತ್ತು ಸಲ ದಿಕ್ಕು ಬದಲಿಸಿ ತೂಗಿದರೆ ತಗಡಿನಲ್ಲಿ ನಯವಾದ ಒಂದು ಚುಕ್ಕೆಯೂ ಉಳಿಯುವುದಿಲ್ಲ. ಆಗ ಮಸಿ ಹಚ್ಚಿ ಅಚ್ಚು ತೆಗೆದರೆ ಬರುವುದು ಬರೀ ಕಪ್ಪು, ಕೈಯಿಟ್ಟರೆ ಮುಳುಗೀತು ಎನ್ನುವಂಥ ಕಪ್ಪು. ಚಿತ್ರ ಶುರುವಾಗುವುದು ಅಲ್ಲಿಂದ. ಬೆಳಕು ಎಲ್ಲಿ ಬೇಕೋ ಅಲ್ಲಿ ಮುಳ್ಳನ್ನು ಹೆರೆದು ಒಪ್ಪ ಕೊಡಬೇಕು; ಎಷ್ಟು ಒಪ್ಪವೋ ಅಷ್ಟು ಬೆಳಕು. ಎಳೆಯುವುದಕ್ಕೆ ಗೆರೆಯೇ ಇಲ್ಲ. ಆರಂಭದಿಂದ ಕೊನೆಯವರೆಗೂ ಅಳಿಸುವ ಕೆಲಸ.

ಕಚೇರಿ ತಾಮ್ರದ ಕೆಲಸ ನಿಲ್ಲಿಸಿದಾಗ ಹಳೆಯ ತಗಡುಗಳನ್ನೂ ಕರಡು ತೆಗೆಯುವ ಸಣ್ಣ ಕೈಯಂತ್ರವನ್ನೂ ಹರಾಜಿಗಿಟ್ಟರು. ನಿವೃತ್ತರಾಗಿದ್ದ ನಕ್ಷೆಯಮ್ಮ ಹೋಗಿ ಯಂತ್ರವನ್ನೂ ಇಪ್ಪತ್ತಾರು ತಗಡುಗಳನ್ನೂ ತಂದರು. ಪಾತ್ರೆ ಕೆಲಸದವನಲ್ಲಿ ತಗಡುಗಳ ಮುಖ ಉಜ್ಜಿಸಿ ನಕ್ಷೆಯ ಗೆರೆಗಳನ್ನು ತೆಗೆಸಿದರು. ವಿಧಾನ ಕಲಿತದ್ದು ಕಚೇರಿಯ ಗ್ರಂಥಾಲಯದಲ್ಲಿದ್ದ ಕೊರೆಯುವವರ ಕೈಪಿಡಿಯ ಕೊನೆಯ ಅಧ್ಯಾಯದಿಂದ. ಅದು ಒಂಬತ್ತು ಪುಟದ ಅಧ್ಯಾಯ. ಅದರಲ್ಲಿ ಒಂದೇ ಒಂದು ಚಿತ್ರವೂ ಇರಲಿಲ್ಲ. ಯುರೋಪಿನ ದೀಪದ ಬೆಳಕು ಅಲ್ಲಿಂದ ಬರುವ ಸಂಭವವಂತೂ ಇರಲಿಲ್ಲ.

ಹಲ್ಲಿನ ಉಳಿಗೆ ತಂಗಿ ‘ತೊಟ್ಟಿಲು’ ಎಂದು ಹೆಸರಿಟ್ಟಳು. ಎರಡೇ ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ತಂಗಿಯ ಹೊಲಿಗೆ ಯಂತ್ರ ಕಟಕಟ, ಹಿಂದಿನ ಕೋಣೆಯಲ್ಲಿ ಅಕ್ಕನ ತೊಟ್ಟಿಲು ಕರಕರ.

“ಅಕ್ಕ, ನನಗೊಂದು ಅರ್ಥ ಆಗಲ್ಲ” ಎಂದು ತಂಗಿ ಒಮ್ಮೆ ಕೇಳಿದ್ದಳು. “ಬೆಳ್ಳಗಿರೋ ತಗಡನ್ನ ಒಂದು ತಿಂಗಳು ಕೂತು ಕಪ್ಪು ಮಾಡ್ತೀಯ. ಆಮೇಲೆ ಇನ್ನೊಂದು ತಿಂಗಳು ಕೂತು ಆ ಕಪ್ಪು ತೆಗೀತೀಯ. ಸುಮ್ಮನೆ ಇದ್ದಿದ್ದರೆ ಎರಡು ತಿಂಗಳು ಉಳೀತಿತ್ತು.”

“ನೀನು ಇಡೀ ಬಟ್ಟೆ ಕತ್ತರಿಸಿ ಮತ್ತೆ ಹೊಲೀತೀಯಲ್ಲ, ಅದು?”

“ಅದನ್ನ ಜನ ಹಾಕ್ಕೊಂಡು ಓಡಾಡ್ತಾರಕ್ಕ.”

ಹದಿನೈದು ವರ್ಷಗಳಲ್ಲಿ ಇಪ್ಪತ್ತೊಂದು ಚಿತ್ರಗಳಾದವು. ಹೊಲಿಗೆ ಯಂತ್ರದ ಚಕ್ರದ ಮೇಲೆ ಬಿದ್ದ ಬಿಸಿಲು, ತೊಳೆದು ಬೋರಲಿಟ್ಟ ಲೋಟ, ಸೂಜಿಗೆ ದಾರ ಪೋಣಿಸುವ ತಂಗಿಯ ಕೈ, ಅರ್ಧ ತೆರೆದ ಬಾಗಿಲು. ಹನ್ನೆರಡನೆಯ ಚಿತ್ರ ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆ, ಅಲ್ಲಿ ಒರಗಿಸಿಟ್ಟ ಪೊರಕೆ. ಈ ಹನ್ನೆರಡನೆಯದು ಅವರಿಗೆ ಹಲ್ಲುನೋವಿನಂತಿತ್ತು. ಬಲ ಮೇಲ್ಮೂಲೆಯ ಗಾಢ ಕಪ್ಪಿನಲ್ಲಿ ಹೆಬ್ಬೆರಳುಗುರಿನಷ್ಟು ಜಾಗ ಮಾಸಲಾಗಿ ಬೂದಿ ಬಣ್ಣಕ್ಕೆ ಬರುತ್ತಿತ್ತು. ಮೂರು ಸಲ ಆ ಜಾಗವನ್ನು ಮತ್ತೆ ತೂಗಿದ್ದರು. ಮೂರು ಸಲವೂ ತೊಟ್ಟಿಲಿನ ಹಲ್ಲು ಅಲ್ಲಿ ಆಳಕ್ಕೆ ಇಳಿಯದೆ ಜಾರಿತ್ತು. ತನ್ನ ಕೈಯೇ ಸೋತಿದೆ ಎಂದುಕೊಂಡು ಬಿಟ್ಟಿದ್ದರು.

ಕರಡು ಬಂದ ಮರುದಿನ ನಕ್ಷೆಯಮ್ಮ ಕಲಾಭವನಕ್ಕೆ ಹೋದರು. ಪುಸ್ತಕದ ಸಂಪಾದಕ ಮೂವತ್ತು ದಾಟಿದ, ಎಲ್ಲದಕ್ಕೂ ತಲೆಯಾಡಿಸುವ ಸ್ವಭಾವದ ಮನುಷ್ಯ. ಅವನ ಮೇಜಿನ ಮೇಲೆ ನಾಲ್ಕು ಪುಸ್ತಕಗಳ ಕರಡುಗಳು ಒಂದರ ಮೇಲೊಂದು ಬಿದ್ದಿದ್ದವು.

“ಕೂತ್ಕೊಳ್ಳಿ ಅಮ್ಮ. ಕರಡು ಚೆನ್ನಾಗಿದೆಯಲ್ಲ?”

“ಹದಿನಾಲ್ಕನೇ ಪುಟ, ಒಂಬತ್ತನೇ ಸಾಲು ಸುಳ್ಳು. ಆರನೇ ಪುಟದಲ್ಲಿ ಮೂವತ್ತೆರಡು ವರ್ಷ ಸೇವೆ ಅಂತ ಹಾಕಿದೀರಿ. ಮೂವತ್ತೊಂದು ವರ್ಷ ನಾಲ್ಕು ತಿಂಗಳು.”

“ಅದು ದುಂಡು ಲೆಕ್ಕ ಅಮ್ಮ.”

“ನನ್ನ ಪಿಂಚಣಿಯವರು ಹಾಗೆ ದುಂಡು ಮಾಡಲಿಲ್ಲ. ನೀವು ಯಾಕೆ ಮಾಡ್ತೀರಿ? ಅದಿರಲಿ, ಏಳನೇ ಅಂಕಣದಲ್ಲಿ ನಾನು ಬರೆದ ಹೆಸರು ಎಲ್ಲಿ ಹೋಯಿತು?”

ಸಂಪಾದಕ ತಲೆಯಾಡಿಸಿದ. “ನೋಡಿ ಅಮ್ಮ, ಪ್ರಭಾವ ಅಂದರೆ ಕಲಾವಿದರದ್ದು. ನೀವು ಬರೆದವರು ಕಲಾವಿದರಲ್ಲ, ಕಚೇರಿಯವರು. ಓದೋರಿಗೆ ಗೊಂದಲ ಆಗುತ್ತೆ.”

“ನೀವು ಬರೆದವರ ಚಿತ್ರ ನಾನು ಮೊದಲು ನೋಡಿದ್ದು ನನ್ನ ಹನ್ನೊಂದನೇ ಚಿತ್ರ ಮುಗಿದ ಮೇಲೆ. ಅದೂ ದಂತವೈದ್ಯರ ಕೋಣೆಯ ಕ್ಯಾಲೆಂಡರಿನಲ್ಲಿ. ಅವರ ಪ್ರಭಾವ ಆಗಿದ್ದರೆ ನನ್ನ ಹಲ್ಲಿನ ಮೇಲೆ ಆಗಿರಬೇಕು.”

“ಸರಿ, ಹಾಗಾದರೆ ಈ ಒಪ್ಪಯ್ಯನವರ ಕೆಲಸ ಏನಾದರೂ ಇದೆಯಾ? ಒಂದು ಚಿತ್ರ, ಒಂದು ರೇಖಾಚಿತ್ರ ಇದ್ದರೂ ಸಾಕು. ಪಕ್ಕದಲ್ಲಿ ಹಾಕಿ ತೋರಿಸೋಣ.”

ಕಾಣದಿರುವುದೇ ಆ ಮನುಷ್ಯನ ಕೆಲಸವಾಗಿತ್ತು. ಅದಕ್ಕೆ ಸಾಕ್ಷಿ ತನ್ನಿ ಎಂದರೆ, ನಿಮ್ಮ ಮನೆಗೆ ಕಳ್ಳ ಬರಲಿಲ್ಲವೆಂಬುದಕ್ಕೆ ಕಳ್ಳನ ಸಹಿ ತನ್ನಿ ಎಂದ ಹಾಗಾಯಿತು.

“ದಾಖಲೆ ಇದ್ದರೆ ಖಂಡಿತ ಹಾಕ್ತೀವಿ ಅಮ್ಮ. ಈ ವಾರ ಕೊಡಿ.”

ಮರುದಿನ ಅವರು ನಕ್ಷೆ ಕಚೇರಿಗೆ ಹೋದರು. ತಿದ್ದುಪಡಿ ವಿಭಾಗವಿದ್ದ ಕೋಣೆಯಲ್ಲಿ ಈಗ ಕುರ್ಚಿಗಳನ್ನು ಪೇರಿಸಿಟ್ಟಿದ್ದರು. ತಗಡುಗಳ ತಿದ್ದುಪಡಿಯನ್ನು ದಿನಾಂಕ ಸಹಿತ ಬರೆದಿಡುತ್ತಿದ್ದ ಹಸಿರು ರಟ್ಟಿನ ಹದಿನಾಲ್ಕು ದಫ್ತರುಗಳನ್ನು ಕೇಳಿದಾಗ ದಾಖಲೆಯ ಗುಮಾಸ್ತೆ ಕಂಪ್ಯೂಟರಿನಲ್ಲಿ ಏನೋ ನೋಡಿದಳು.

“ಅವಧಿ ಮುಗಿದ ಕಡತಗಳು ಅಮ್ಮ. ನಿಯಮದ ಪ್ರಕಾರ ನಾಶ ಮಾಡಿದೀವಿ.”

“ಯಾವ ನಿಯಮ?”

“ಆ ನಿಯಮ ಇರೋ ಕಡತಾನೂ ಅದರಲ್ಲೇ ಹೋಯಿತು ಅಂತ ಕಾಣುತ್ತೆ.”

ಅವಳು ತಮಾಷೆಗೆ ಹೇಳಿದ್ದಲ್ಲ, ನಿಜವನ್ನೇ ಹೇಳಿದ್ದಳು. ಹಾಗಾಗಿ ಅವಳ ಮೇಲೆ ಸಿಟ್ಟಾಗುವುದಕ್ಕೂ ಆಗಲಿಲ್ಲ. ನಕ್ಷೆಯಮ್ಮ ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದು, ಸಿಟ್ಟನ್ನು ಎಲ್ಲಿಡುವುದೆಂದು ತಿಳಿಯದೆ ಹನ್ನೆರಡನೆಯ ಚಿತ್ರದ ತಗಡನ್ನು ಎತ್ತಿಕೊಂಡರು. ಪ್ರದರ್ಶನಕ್ಕೆ ಹೋಗುವ ಮೊದಲು ಆ ಮಾಸಲು ಜಾಗವನ್ನು ನಾಲ್ಕನೆಯ ಸಲ ತೂಗಿಯೇ ಬಿಡುವುದೆಂದು ಕುಳಿತರು. ತೊಟ್ಟಿಲು ಮತ್ತೆ ಜಾರಿತು.

“ಅಲ್ಲಿ ತಗಡು ಗಟ್ಟಿ ಇದೆ ಅಂತ ಕಾಣುತ್ತೆ ಅಕ್ಕ” ಎಂದು ತಂಗಿ ಕಾಜಾ ಹೊಲಿಯುತ್ತಾ ಹೇಳಿದಳು. “ಹಳೇ ಕೋಟಿನಲ್ಲಿ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಕಡೆ ಹೀಗೇ. ಸೂಜಿ ಹೋಗಲ್ಲ.”

ನಕ್ಷೆಯಮ್ಮನ ಕೈ ನಿಂತಿತು.

ತಾಮ್ರವನ್ನು ಸುತ್ತಿಗೆಯಿಂದ ತಟ್ಟಿದರೆ ಅದು ಗಟ್ಟಿಯಾಗುತ್ತದೆ. ಇದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ; ಹದಿನೈದು ವರ್ಷ ಹೊಳೆಯದೇ ಹೋದ ಸಂಗತಿ. ತಗಡನ್ನು ಬೋರಲು ಹಾಕಿದರು. ಕಿಲುಬು ಹಿಡಿಯದಿರಲೆಂದು ಕಚೇರಿಯವರು ಎಲ್ಲ ತಗಡುಗಳ ಹಿಂಬದಿಗೆ ಬಳಿದಿದ್ದ ಕರಿ ಡಾಂಬರು ಹಾಗೇ ಇತ್ತು. ಅಚ್ಚಿನಲ್ಲಿ ಬಲಕ್ಕಿರುವುದು ತಗಡಿನ ಮುಖದಲ್ಲಿ ಎಡಕ್ಕಿರುತ್ತದೆ, ಬೋರಲು ಹಾಕಿದಾಗ ಮತ್ತೆ ಬಲಕ್ಕೆ ಬರುತ್ತದೆ. ಬಲ ಮೇಲ್ಮೂಲೆಗೆ ಸೀಮೆಎಣ್ಣೆ ಅದ್ದಿದ ಬಟ್ಟೆ ಹಾಕಿ ಕಾಲು ಗಂಟೆ ಬಿಟ್ಟು ಒರೆಸಿದರು. ಡಾಂಬರು ಕರಗಿ ಬಂತು. ಕೆಳಗೆ ಸುತ್ತಿಗೆಯ ಗುರುತುಗಳಿದ್ದವು. ಸಾಸಿವೆ ಕಾಳಿನಷ್ಟು ಸಣ್ಣವು, ಒಂದಕ್ಕೊಂದು ತಾಗಿದರೂ ಒಂದರ ಮೇಲೊಂದು ಬೀಳದವು, ಹೊರಗಿನಿಂದ ಒಳಕ್ಕೆ ಶಂಖದಂತೆ ಎಡಕ್ಕೆ ಸುತ್ತಿಕೊಂಡು ಬಂದವು.

ಅವರು ಕನ್ನಡಕ ತೆಗೆದು ಹೆಬ್ಬೆರಳು ಆಡಿಸಿದರು. ಬಹಳ ಹೊತ್ತು ಆಡಿಸಿದರು.

“ಏನಕ್ಕಾ ಅದು?”

“ನಮ್ಮ ಒಪ್ಪಯ್ಯ” ಎಂದರು ನಕ್ಷೆಯಮ್ಮ. “ನಾನು ಅವರನ್ನ ನಾಲ್ಕು ಸಲ ಅಳಿಸೋಕೆ ಹೋಗಿದೀನಿ. ಜಪ್ಪಯ್ಯ ಅಂದರೂ ಹೋಗಿಲ್ಲ.”

ತಗಡನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡು, ವಾರ ಮುಗಿಯಲು ಇನ್ನೂ ಎರಡು ದಿನ ಇರುವಾಗಲೇ ಕಲಾಭವನಕ್ಕೆ ಹೋದರು. ಸಂಪಾದಕನ ಮೇಜಿನ ಮೇಲೆ ತಗಡನ್ನು ಬೋರಲು ಇಟ್ಟು, ಪಕ್ಕದಲ್ಲಿ ಹನ್ನೆರಡನೆಯ ಚಿತ್ರದ ಅಚ್ಚನ್ನು ಇಟ್ಟು, ಮಾಸಲನ್ನೂ ಶಂಖದ ಸುತ್ತನ್ನೂ ತೋರಿಸಿ, ಎಡಗೈಯ ವಿಷಯವನ್ನೂ ಹೇಳಿದರು. ಅವನು ಈ ಸಲ ತಲೆಯಾಡಿಸಲಿಲ್ಲ. ಕುರ್ಚಿ ಮುಂದಕ್ಕೆಳೆದುಕೊಂಡು ಹೆಬ್ಬೆರಳಿನಿಂದ ಆ ಸುತ್ತನ್ನು ಮುಟ್ಟಿ ನೋಡಿದ. ಆಮೇಲೆ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದ.

“ಒಪ್ಪಿದೆ ಅಮ್ಮ. ಇದು ಪ್ರಭಾವವೇ. ಇದಕ್ಕಿಂತ ಚೆನ್ನಾಗಿ ತೋರಿಸೋದು ಸಾಧ್ಯವೇ ಇಲ್ಲ.”

“ಹಾಗಾದರೆ ಹಾಕಿ.”

ಅವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. “ಪುಸ್ತಕ ನಿನ್ನೆ ಅಚ್ಚಾಗಿ ಬಂತು.”

“ಈ ವಾರ ಕೊಡಿ ಅಂದಿರಿ.”

“ಅಂದೆ. ಅಚ್ಚಿನಮನೆಯವರು ಯಂತ್ರ ಖಾಲಿ ಇತ್ತು ಅಂತ ಮುಂಚೆನೇ ಹೊಡೆದುಬಿಟ್ಟರು. ದೇವರಾಣೆಗೂ ನನಗೇ ಗೊತ್ತಿರಲಿಲ್ಲ ಅಮ್ಮ.”

ಮುನ್ನೂರು ಪ್ರತಿಗಳು ಗೋಡೆಯ ಬದಿಗೆ ಕಟ್ಟುಕಟ್ಟಾಗಿ ಕುಳಿತಿದ್ದವು. ನಕ್ಷೆಯಮ್ಮ ಒಂದನ್ನು ಬಿಡಿಸಿ ಮೊದಲು ಹದಿನಾಲ್ಕನೆಯ ಪುಟ ನೋಡಿದರು. ದೀಪದ ಬೆಳಕಿನವರು ಗಾಢವಾಗಿಯೇ ಇದ್ದರು. ಆರನೆಯ ಪುಟದಲ್ಲಿ ಮೂವತ್ತೆರಡು ವರ್ಷ. ಆಮೇಲೆ ಮೂವತ್ತೇಳನೆಯ ಪುಟಕ್ಕೆ, ಹನ್ನೆರಡನೆಯ ಚಿತ್ರಕ್ಕೆ, ಬಂದರು. ಮೆಟ್ಟಿಲ ಕೆಳಗಿನ ಕತ್ತಲೆ ಇತ್ತು, ಪೊರಕೆ ಇತ್ತು. ಬಲ ಮೇಲ್ಮೂಲೆ ಎಲ್ಲ ಕಡೆಯಂತೆ ಸಮನಾಗಿ ಕಪ್ಪಾಗಿತ್ತು.

“ಮಾಸಲು ಎಲ್ಲಿ?”

ಸಂಪಾದಕ ಬಗ್ಗಿ ನೋಡಿದ. ಫೋನು ಎತ್ತಿ ಅಚ್ಚಿನಮನೆಗೆ ಮಾತಾಡಿ, ಮಾತಾಡುತ್ತಿದ್ದಂತೆಯೇ ಮುಖ ಸಪ್ಪೆ ಮಾಡಿಕೊಂಡು ಫೋನು ಇಟ್ಟ.

“ಕೊಳೆ ಬಿದ್ದಿದೆ ಅಂತ ಅವರು ಕಂಪ್ಯೂಟರಿನಲ್ಲೇ ಸರಿ ಮಾಡಿದರಂತೆ. ಅದಕ್ಕೆ ಬೇರೆ ದುಡ್ಡೂ ಕೇಳಲಿಲ್ಲವಂತೆ.”

ನಕ್ಷೆಯಮ್ಮ ಕುಳಿತುಕೊಂಡರು. ತಿದ್ದುಗಾರರಾಗಿ ಮೂವತ್ತೊಂದು ವರ್ಷ ನಾಲ್ಕು ತಿಂಗಳಲ್ಲಿ ಅವರು ಮೇಲಿನಿಂದ ಬರಹದಲ್ಲಿ ಆದೇಶ ಇಲ್ಲದೆ ಒಂದು ಚುಕ್ಕೆಯನ್ನೂ ಅಳಿಸಿರಲಿಲ್ಲ. ಕೇಳದೆ, ಹೇಳದೆ, ಹೆರೆಗತ್ತಿಯನ್ನೂ ಹಿಡಿಯದೆ, ಒಂದು ಗುಂಡಿ ಒತ್ತಿ ಯಾರೋ ಒಪ್ಪಯ್ಯನನ್ನು ಭೂಮಿಯ ಮೇಲಿಂದ ಒರೆಸಿಹಾಕಿದ್ದರು. ನಾಲ್ಕು ಸಲ ಪ್ರಯತ್ನಪಟ್ಟು ತನ್ನಿಂದ ಆಗದ್ದು ಅದು.

“ಮತ್ತೆ ಅಚ್ಚು ಹಾಕಿಸಿ.”

“ಆಗಲ್ಲ ಅಮ್ಮ. ಶನಿವಾರ ಉದ್ಘಾಟನೆ. ಒಂದು ಕೆಲಸ ಮಾಡೋಣ, ಒಪ್ಪೋಲೆ ಹಾಕೋಣ.”

“ಏನು?”

“ಒಪ್ಪೋಲೆ. ತಪ್ಪು ಯಾವುದು, ಸರಿ ಯಾವುದು ಅಂತ ಒಂದು ಚೀಟಿ ಅಚ್ಚು ಮಾಡಿ ಪುಸ್ತಕದ ಒಳಗೆ ಅಂಟಿಸ್ತೀವಲ್ಲ, ಅದು.”

ಒಪ್ಪೋಲೆ ಎಂದರೇನು ಎಂಬುದು ಅವರಿಗೆ ಅವನು ಹುಟ್ಟುವ ಮೊದಲೇ ಗೊತ್ತಿತ್ತು. ಅದು ಪುಸ್ತಕದ ಸಾಲಿಗೆ ಸೇರದ ಚೀಟಿ. ಓದುಗ ಮೊದಲು ಕಿತ್ತೆಸೆಯುವ, ಇಲ್ಲವೇ ಪುಟ ಗುರುತಿಗೆ ಇಟ್ಟುಕೊಳ್ಳುವ ಚೀಟಿ. ಬೇಡವೆಂದು ಹೇಳಲು ತುಟಿ ಬಿಚ್ಚಿದರು. ಅಷ್ಟರಲ್ಲಿ ಆ ಪದ ಕಿವಿಯಲ್ಲಿ ಇನ್ನೊಂದು ಸಲ ಕೇಳಿಸಿತು. ತಪ್ಪನ್ನು ತೆಗೆದು ಒಪ್ಪವನ್ನು ಇಡುವ ಓಲೆ. ನಕ್ಷೆಗಳ ಕೆಳ ಅಂಚಿನಲ್ಲಿ ಜಾಗ ಸಿಗದ ತಿದ್ದುಗಾರನಿಗೆ ಜಗತ್ತಿನ ಅಚ್ಚುಮನೆಗಳೆಲ್ಲ ಸೇರಿ ಬಿಟ್ಟಿರುವ ಜಾಗ ಇದೊಂದೇ.

“ಸರಿ. ಆದರೆ ಬರೆಯೋದು ನಾನು” ಎಂದರು.

ಅಲ್ಲೇ ಕುಳಿತು ಮೂರು ಕಲಮುಗಳನ್ನು ಬರೆದುಕೊಟ್ಟರು. ಒಂದು, ಪುಟ ೧೪, ಸಾಲು ೯: ಯುರೋಪಿನ ಚಿತ್ರಕಾರರು ಎಂದಿರುವಲ್ಲಿ ಮುಖ್ಯ ತಿದ್ದುಗಾರರ ಪೂರ್ಣ ಹೆಸರು, ಹುದ್ದೆ, ಆವರಣದಲ್ಲಿ ಒಪ್ಪಯ್ಯ ಎಂದು ಓದಿಕೊಳ್ಳುವುದು. ಎರಡು, ಪುಟ ೬: ಮೂವತ್ತೆರಡು ವರ್ಷ ಎಂಬುದನ್ನು ಮೂವತ್ತೊಂದು ವರ್ಷ ನಾಲ್ಕು ತಿಂಗಳು ಎಂದು ಓದಿಕೊಳ್ಳುವುದು. ಮೂರು, ಪುಟ ೩೭: ಚಿತ್ರದ ಬಲ ಮೇಲ್ಮೂಲೆಯಲ್ಲಿ ಹೆಬ್ಬೆರಳುಗುರಿನಷ್ಟು ಮಾಸಲು ಇದೆ ಎಂದು ತಿಳಿದುಕೊಳ್ಳುವುದು.

“ಮೂರನೆಯದು ಸ್ವಲ್ಪ ವಿಚಿತ್ರ ಅಲ್ವಾ ಅಮ್ಮ? ಇಲ್ಲದ್ದನ್ನ ಇದೆ ಅಂತ...”

“ಇದ್ದದ್ದನ್ನ ಇಲ್ಲ ಅಂತ ಮಾಡುವಾಗ ವಿಚಿತ್ರ ಅನಿಸಲಿಲ್ವಲ್ಲ. ಹಾಕಿ.”

ಅಂಟಿಸುವ ಕೆಲಸವನ್ನು ಅವರು ಯಾರಿಗೂ ಬಿಡಲಿಲ್ಲ. ಶುಕ್ರವಾರ ಬೆಳಿಗ್ಗೆ ಅಚ್ಚಿನಮನೆಯಿಂದ ಚೀಟಿಗಳ ಕಟ್ಟು ಬರುವ ಹೊತ್ತಿಗೆ ಅಕ್ಕತಂಗಿಯರು ಅಂಟಿನ ಡಬ್ಬಿ, ಎರಡು ಕುಂಚ ಹಿಡಿದು ಕಲಾಭವನದ ಉಗ್ರಾಣದಲ್ಲಿ ಹಾಜರಿದ್ದರು. ನಕ್ಷೆಯಮ್ಮ ಮೊದಲು ನೋಡಿದ್ದು ಹೆಸರನ್ನು. ಅಕ್ಷರ ಅಕ್ಷರವಾಗಿ ಎರಡು ಸಲ ಓದಿದರು. ಕಾಗುಣಿತ ಸರಿಯಾಗಿತ್ತು. ಉಸಿರು ಬಿಟ್ಟರು. ಆಮೇಲೆ ಆ ಕಲಮಿನ ಮೊದಲಲ್ಲಿದ್ದ ಅಂಕಿ ನೋಡಿದರು.

ಪುಟ ೧೧೪ ಎಂದಿತ್ತು.

“ಪುಸ್ತಕಕ್ಕೆ ಇರೋದೇ ಅರವತ್ತನಾಲ್ಕು ಪುಟ” ಎಂದಳು ತಂಗಿ. “ಇನ್ನು ಐವತ್ತು ಪುಟ ಜನ ಮನೆಗೆ ಹೋಗಿ ಬರ್ಕೋಬೇಕಾ?”

ಸಂಪಾದಕನಿಗೆ ಹೇಳಿಕಳಿಸಿದರು. ಅವನು ಊರಲ್ಲಿರಲಿಲ್ಲ, ಅತಿಥಿಗಳನ್ನು ಕರೆತರಲು ಹೋಗಿದ್ದ, ಸಂಜೆ ಬರುವವನಿದ್ದ. ಅಚ್ಚಿನಮನೆಯವರು ಸೋಮವಾರ ಆಗಬಹುದು ಎಂದರು. ನಕ್ಷೆಯಮ್ಮ ಫೋನಿನಲ್ಲಿ ಅವರಿಗೆ ಏನು ಹೇಳಿದರೆಂಬುದನ್ನು ಇಲ್ಲಿ ಬರೆಯುವಂತಿಲ್ಲ. ಫೋನು ಇಟ್ಟವರೇ ಒಪ್ಪೋಲೆಯೊಂದನ್ನು ಕಿಟಕಿಯ ಹತ್ತಿರ ಒಯ್ದು, ಮೇಜನ್ನು ಬೆಳಕು ಎಡದಿಂದ ಓರೆಯಾಗಿ ಬೀಳುವಂತೆ ತಿರುಗಿಸಿದರು. ಕೈಚೀಲದಿಂದ ಹೆರೆಗತ್ತಿ ತೆಗೆದರು.

ತಪ್ಪು ಅಳಿಸಿದರೆ ಸಾಕಿತ್ತು, ಏನನ್ನೂ ಬರೆಯಬೇಕಾಗಿರಲಿಲ್ಲ. ಮೊದಲ ೧ ಹೋದರೆ ೧೪ ತಾನಾಗಿ ಉಳಿಯುತ್ತದೆ. ಕಾಗದ ತಾಮ್ರಕ್ಕಿಂತ ಮೆದು; ಅದಕ್ಕೆ ಕೈ ಇನ್ನೂ ಹಗುರ ಬೇಕು. ಕತ್ತಿಯನ್ನು ಒತ್ತದೆ ಅದರ ಭಾರಕ್ಕೇ ಬಿಟ್ಟು, ಉಸಿರು ಬಿಡುವಾಗ ಮಾತ್ರ ಎಳೆದು, ಮಸಿ ಹೋದ ಮೇಲೆ ಎದ್ದ ಎಳೆಗಳನ್ನು ಒಪ್ಪದ ಕಡ್ಡಿಯಿಂದ ಕೂರಿಸಿದರು. ಹೆಬ್ಬೆರಳು ಆಡಿಸಿ ನೋಡಿ ತಂಗಿಯ ಕಡೆ ಸರಿಸಿದರು. ತಂಗಿ ಅಂಟು ಹಚ್ಚಿ ಹದಿನಾಲ್ಕನೆಯ ಪುಟದ ಎದುರಿಗೆ ಅಂಟಿಸಿದಳು. ಹೀಗೆ ಒಂದೊಂದಾಗಿ ಮುನ್ನೂರು. ಇನ್ನೂರ ಹತ್ತರ ಹೊತ್ತಿಗೆ ಹೆಬ್ಬೆರಳು ಮರಗಟ್ಟಿತ್ತು. ಇನ್ನೂರ ಅರವತ್ತೇಳನೆಯದರಲ್ಲಿ ಕೈ ತಪ್ಪಿ ತೂತು ಬಿತ್ತು. ಅದನ್ನು ಅಂಟಿಸಿದ ಪ್ರತಿಯನ್ನು ಬದಿಗೆ ತೆಗೆದಿಟ್ಟರು. ನಡುವೆ ಎರಡು ಸಲ ಟೀ ಬಂತು, ಎರಡೂ ಸಲ ಆರಿ ತಣ್ಣಗಾಯಿತು. ಕೆಲಸದುದ್ದಕ್ಕೂ ನಕ್ಷೆಯಮ್ಮ ಅಚ್ಚಿನಮನೆಯನ್ನೂ ಸಂಪಾದಕನನ್ನೂ ಕಂಪ್ಯೂಟರು ಕಂಡುಹಿಡಿದವನನ್ನೂ ಬೈಯುತ್ತಲೇ ಇದ್ದರು. ಕೈ ಮಾತ್ರ ಬೈಗುಳಕ್ಕೆ ಕಿವಿಗೊಡದೆ ತನ್ನ ಪಾಡಿಗೆ ನಡೆದಿತ್ತು.

ಕೊನೆಯ ಪ್ರತಿ ಮುಗಿದು ಅವರು ಬೆರಳು ನೀವಿಕೊಳ್ಳುತ್ತಿದ್ದಾಗ ಸಂಪಾದಕ ಧಾವಿಸಿ ಬಂದ. ಸುದ್ದಿ ತಲುಪಿ ಗಾಬರಿಯಲ್ಲಿದ್ದ. ಮೇಲಿನ ಪುಸ್ತಕ ಎತ್ತಿ ಒಪ್ಪೋಲೆ ನೋಡಿದ. ಇನ್ನೊಂದನ್ನು ನೋಡಿದ. ಕಟ್ಟಿನ ನಡುವಿನಿಂದ ಮತ್ತೊಂದನ್ನು ಎಳೆದು ಬೆಳಕಿಗೆ ಹಿಡಿದ. ಅವನ ಮುಖ ಅರಳಿತು.

“ಅಯ್ಯೋ ಅಮ್ಮ, ಪುಟದ ಅಂಕಿ ಸರಿಯಾಗೇ ಇದೆಯಲ್ಲ. ಹದಿನಾಲ್ಕು ಅಂತಲೇ ಹಾಕಿದಾರೆ. ನೀವು ಸುಮ್ಮನೆ ಅಚ್ಚಿನಮನೆಯವರನ್ನ ಬೈದಿರಿ. ಪಾಪ, ಅವರು ನನಗೆ ಫೋನ್ ಮಾಡಿ ಅಷ್ಟು ಬೇಜಾರು ಮಾಡಿಕೊಂಡರು. ವಯಸ್ಸಾದ ಮೇಲೆ ಕಣ್ಣು ಹಾಗೇ, ಒಂದು ಎರಡಾಗಿ ಕಾಣುತ್ತೆ.”

ತಂಗಿ ತೊಳೆಯುತ್ತಿದ್ದ ಅಂ‌ಟಿನ ಕುಂಚ ಅರ್ಧದಲ್ಲೇ ನಿಂತಿತು. ಅವಳು ಅಕ್ಕನ ಮುಖ ನೋಡಿದಳು. ನಕ್ಷೆಯಮ್ಮನ ನಾಲಿಗೆಯ ತುದಿಗೆ ಒಳ್ಳೆಯ ಉತ್ತರವೇ ಬಂದಿತ್ತು. ತೂತು ಬಿದ್ದ ಪ್ರತಿ ಮೊಣಕೈಯ ಪಕ್ಕದಲ್ಲೇ ಇತ್ತು. ಅದನ್ನು ತೆರೆದು ಮುಖದ ಮುಂದೆ ಹಿಡಿದಿದ್ದರೆ ಸಾಕಾಗುತ್ತಿತ್ತು.

ಅವರು ಹೆರೆಗತ್ತಿಯನ್ನು ಒರೆಸಿ ಚೀಲದೊಳಗೆ ಇಟ್ಟರು. ತೂತಿನ ಪ್ರತಿಯನ್ನೂ ಅದರ ಮೇಲಿಟ್ಟು ಚೀಲದ ಬಾಯಿ ಎಳೆದರು.

“ಹೆಸರಿನ ಕಾಗುಣಿತ ನೋಡಿದಿರಾ?” ಎಂದು ಕೇಳಿದರು.

“ನೋಡಿದೆ ಅಮ್ಮ. ಸರಿಯಾಗಿದೆ.”

“ಇನ್ನೊಂದು ಸಲ ನೋಡಿ” ಎಂದರು ನಕ್ಷೆಯಮ್ಮ. “ಗಟ್ಟಿಯಾಗಿ ಓದಿ.”